ದೋದೋಲ್ ಚಹಾದಲ್ಲಿ ಕಮ್ಮಿಯಾದದ್ದು

ಪ್ರತಿ ಕ್ರಿಸ್ಮಸ್‌ಗೆ ನನ್ನ ಮಮ್ಮಿ ಲಿಡ್ವಿನ್ ತೆಂಗಿನ ಹಾಲು, ಬೆಲ್ಲ ಹಾಕಿ ಕೈ ಸೋಲುವವರೆಗೆ ಮಗುಚಿ ದೋದೋಲ್ ಎಂಬ ಸಿಹಿ ಮಾಡುತ್ತಿದ್ದರು. ಅಪ್ಪನ ತಂಗಿ ಸಿಂಥಿಯಾ ಆಂಟಿ ನೆಂಟರೆಲ್ಲರ ಎದುರು ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ, ಮೂಗಿನಿಂದ ರಾಗ ಎಳೆಯುತ್ತಿದ್ದರು: "ರುಚಿ ಉಂಟು ಲಿಡ್ವಿನ್, ಆದರೆ ಎಂತದೋ ಒಂದು ಕಮ್ಮಿ." ಏನು ಕಮ್ಮಿ ಎಂದು ಒಮ್ಮೆಯೂ ಹೇಳಲಿಲ್ಲ. ಕಳೆದ ವರ್ಷ ಮಮ್ಮಿ ಬಾಣಲೆಯನ್ನೇ ಅಟ್ಟಕ್ಕೆ ಹಾಕಿದರು.

ಈ ವರ್ಷ ಆಂಟಿ ಮಣಿಪಾಲದಲ್ಲಿ ಚಹಾದಂಗಡಿ ತೆರೆದರು. ಅಲ್ಲಿಯ ವಿಶೇಷ, ದೋದೋಲ್ ಪರಿಮಳದ ಕಪ್ಪು ಚಹಾ ಎಲೆ! ಉದ್ಘಾಟನೆಗೆ ಅದೇ ನೆಂಟರು ಸೇರಿದ್ದರು. ಗಾಜಿನ ಕೆಟಲಿನಲ್ಲಿ ಎಲೆ ನಿಧಾನವಾಗಿ ಅರಳುತ್ತಿತ್ತು.

"ಬ್ರ್ಯಾಂಡನ್, ಮೊದಲು ನೀನು ಕುಡಿ ಮಾರಾಯ. ಹಾಲು, ಸಕ್ಕರೆ ಎಂತದೂ ಬೇಡ," ಎಂದರು ಆಂಟಿ.

ಒಂದು ಗುಟುಕು ಕುಡಿದೆ. ಬೆಲ್ಲದ ಪರಿಮಳ ಮೂಗಿನವರೆಗೆ ಬಂತು, ನಾಲಿಗೆಗೆ ಇಳಿಯಲಿಲ್ಲ. ಕಣ್ಣು ಮುಚ್ಚಿ, ಆಂಟಿಯದೇ ದನಿಯಲ್ಲಿ, ಆಂಟಿಯದೇ ರಾಗ ಎಳೆದೆ: "ರುಚಿ ಉಂಟು ಆಂಟೀ, ಆದರೆ ಎಂತದೋ ಒಂದು ಕಮ್ಮಿ."

ಅಂಗಡಿಯೇ ಅದುರುವಂತೆ ಎಲ್ಲರೂ ನಕ್ಕರು. ನೆಂಟರ ನಡುವೆ ಕೂತಿದ್ದ ರೋನಿ ಅಂಕಲ್ ಅಂಗಿಯ ಮೇಲೆ ಚಹಾ ಚೆಲ್ಲಿಕೊಂಡರು.

"ಎಂತ ಕಮ್ಮಿ? ಹೇಳು!" ಆಂಟಿಯ ಮುಖ ಚಹಾಕ್ಕಿಂತ ಕಪ್ಪಾಗಿತ್ತು.

"ನೀವೇ ಹೇಳಬೇಕು. ಇಷ್ಟು ವರ್ಷ ನಿಮಗೇ ಗೊತ್ತಿತ್ತು ಅಲ್ವಾ?"

ಡಿಸೆಂಬರಿನಲ್ಲಿ ಮಮ್ಮಿ ಅಟ್ಟದಿಂದ ಬಾಣಲೆ ಇಳಿಸಿದರು. ಕ್ರಿಸ್ಮಸ್ ದಿನ ಆಂಟಿ ಒಂದು ತುಂಡು ಬಾಯಿಗಿಟ್ಟು, ಅಭ್ಯಾಸದಂತೆ ಕಣ್ಣು ಮುಚ್ಚಿದರು. ನೆಂಟರೆಲ್ಲ ನಗು ತಡೆದುಕೊಂಡು ಕಾದರು. ಆಂಟಿ ಕಣ್ಣು ಬಿಟ್ಟು, ನನ್ನನ್ನು ನೋಡಿ, ಸುಮ್ಮನೆ ನುಂಗಿದರು.

ಮಮ್ಮಿ ತಟ್ಟೆಯನ್ನು ಅವರತ್ತ ಇನ್ನಷ್ಟು ಚಾಚಿ ಹೇಳಿದರು: "ಇನ್ನೊಂದು ತಗೊಳ್ಳಿ ಸಿಂಥಿಯಾ, ಕಮ್ಮಿ ಆಗುವುದು ಬೇಡ."