ಎಡಕ್ಕೆ ತಿರುಗಿದ ಗಂಟು

ಹೆಮ್ಮಾಡಿಯ ಕುಷ್ಟನ ಮನೆಯಲ್ಲಿ ಅಕ್ಕಿಮುಡಿ ಕಟ್ಟುವ ಹುಲ್ಲು ರಾಶಿ ಇತ್ತು, ತುಂಬಲು ಅಕ್ಕಿ ಇರಲಿಲ್ಲ. ಯುದ್ಧದ ಕಾಲ. ಮಧ್ಯಾಹ್ನಕ್ಕೆ ಗಂಜಿಯ ತಿಳಿ. ಅಗುಳು ಕಂಡರೆ ಹಬ್ಬ. ಅವನು ಕಟ್ಟುತ್ತಿದ್ದದ್ದೆಲ್ಲ ಬೇರೆಯವರ ಅಕ್ಕಿ.

ಕುಂದಾಪುರದ ವಾರಪತ್ರಿಕೆಯಲ್ಲಿ ಶೇಖರ ಎಂಬವರು ಜನರ ನುಡಿಚಿತ್ರ ಬರೆಯುತ್ತಿದ್ದರು. ಓದಿದರೆ ಆಸಾಮಿ ಎದುರಿಗೆ ಬಂದು ಎಲೆಯಡಿಕೆ ಕೇಳಿದ ಹಾಗಿರಬೇಕು, ಅಷ್ಟು ಜೀವಂತ. ಕುಷ್ಟನ ಅಂಗಳದಲ್ಲಿ ಕೂತು, ಆತ ಹುಲ್ಲು ಹರಡಿ ಅಕ್ಕಿ ಸುರಿಯುವುದು, ಹಗ್ಗ ಸುತ್ತಿ ಕೊಡತಿಯಲ್ಲಿ ಬಡಿದು ಉರುಟು ಮೂಟೆ ಮಾಡುವುದು, ಎಲ್ಲ ಬರೆದರು. ಕತ್ತಿ ತಾಗಿ ಸೊಟ್ಟಾದ ಬೆರಳಿನಿಂದಾಗಿ ಅವನ ಕೊನೆಯ ಗಂಟು ಎಡಕ್ಕೆ ತಿರುಗುತ್ತದೆ, ಸೀಮೆಯಲ್ಲಿ ಮತ್ಯಾರೂ ಹಾಗೆ ಕಟ್ಟುವುದಿಲ್ಲ ಎಂದೂ ಬರೆದರು. ಲೇಖನಿ ಹೊಗಳಿತು. ಹೊಗೆ ಆಮೇಲೆ ಎದ್ದಿತು.

ಜಮೀನಿನ ಒಡೆಯರಾದ ಗಣಪಯ್ಯ ಪತ್ರಿಕೆಯನ್ನು ಮತ್ತೆ ಮತ್ತೆ ಓದಿದರು. ಕೂಡಲೇ ಕುಷ್ಟನನ್ನು ಕರೆಸಿ ಒಂದು ದೋಣಿಯಷ್ಟು ಮುಡಿ ಕಟ್ಟಿಸಿದರು.

“ಆ ಪೇಪರಂಗೆ ಬಂದ ಗಂಟೇ ಹಾಕ್, ಅಕಾ. ಚೆಂದ ಕಾಂತ್.”

ಕುಷ್ಟ ಹಿಗ್ಗಿದ. ಒಡೆಯರ ಬಾಯಿಂದ ಹೊಗಳಿಕೆ ಬಂದದ್ದು ಅದೇ ಮೊದಲು.

ಪರವಾನಗಿ ಇಲ್ಲದೆ ಅಕ್ಕಿ ಸಾಗಿಸಬಾರದೆಂದು ಸರಕಾರದ ಹುಕುಂ ಇತ್ತು. ಒಡೆಯರು ಗುಟ್ಟಾಗಿ ಕಳಿಸಿದ ದೋಣಿ ಹೊಳೆಯಲ್ಲೇ ಪೊಲೀಸರಿಗೆ ಸಿಕ್ಕಿಬಿತ್ತು. ಒಡೆಯರು ತಹಶೀಲ್ದಾರರ ಮುಂದೆ ಪತ್ರಿಕೆ ಬಿಡಿಸಿದರು. ಗಂಟು ಕುಷ್ಟನದು, ಆದ್ದರಿಂದ ಅಕ್ಕಿಯೂ ಕುಷ್ಟನದು ಎಂದರು. ಕಟ್ಟಿದ್ದು ನಾನೇ, ಅಕ್ಕಿ ಒಡೆಯರದು ಎಂದು ಅವನು ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ಗಂಜಿ ತಿಳಿಯ ಮನುಷ್ಯ ದೋಣಿ ಅಕ್ಕಿಯ ಸಾಹುಕಾರನಾಗಿ ಲಾಕಪ್ಪಿಗೆ ಹೋದ.

ಹೆಂಡತಿ ನಾಗು ಪತ್ರಿಕೆಯ ಕಚೇರಿಗೆ ಹೋದಳು. ತಾವು ಬರೆದದ್ದರಲ್ಲಿ ಸುಳ್ಳೊಂದೂ ಇಲ್ಲ ಎಂದರು ಶೇಖರರು.

“ಸುಳ್ಳಿಲ್ಲ ಅಯ್ಯಾ. ಬೆರಳ್ ಬರದ್ರಿ, ಗಂಟ್ ಬರದ್ರಿ. ಅಕ್ಕಿ ಯಾರದ್ದ್ ಅಂದೇಳಿ ಎಂತಕೆ ಬರಿಲ್ಲ?”

ಶೇಖರರು ಪೆನ್ನಿಗೆ ಶಾಯಿ ತುಂಬಿಸತೊಡಗಿದರು. ಮೇಜಿನ ಮೇಲೆ, ಮುಂದಿನ ವಾರದ ನುಡಿಚಿತ್ರಕ್ಕಾಗಿ, ಗಣಪಯ್ಯನವರ ಫೋಟೋ ಇತ್ತು.

ನಾಗು ಸೀದಾ ಮುಡಿ ಕಟ್ಟುವವರ ಮನೆಮನೆಗೆ ಹೋದಳು. ದೂರದ ತೆಕ್ಕಟ್ಟೆಗೂ ಸುದ್ದಿ ಮುಟ್ಟಿತು. ತನ್ನದು ಹುಟ್ಟಿದಾಗಿಂದ ಬಲಕ್ಕೇ ಗಂಟು ತಿರುಗಿಸಿದ ಕೈ ಎಂದು ಮುಡಿ ಕಟ್ಟುವ ಮುದುಕ ಸೂರ ಗೊಣಗಿದ. ಗೊಣಗುತ್ತಲೇ ಹುಲ್ಲು ಹರಡಿ ಕೂತ.

ಕುಷ್ಟನ ವಿಚಾರಣೆಯ ಬೆಳಿಗ್ಗೆ ತಹಶೀಲ್ದಾರರು ದೋಣಿಯಲ್ಲಿ ಹಿಡಿದ ಮುಡಿಗಳನ್ನು ನೋಡಲೆಂದು ಸರಕಾರಿ ಉಗ್ರಾಣ ತೆರೆಸಿದರು. ಆ ವಾರ ಊರೂರಿಂದ ಸರಕಾರಕ್ಕೆ ಬಂದ ಮುಡಿಗಳನ್ನು ನೆಲದಿಂದ ಮಾಡಿನವರೆಗೆ ಪೇರಿಸಿಟ್ಟಿದ್ದರು. ಒಂದೊಂದರ ಗಂಟೂ ಎಡಕ್ಕೆ ತಿರುಗಿತ್ತು.

ಬಾಗಿಲಲ್ಲಿ ಮುಡಿ ಕಟ್ಟುವವರೆಲ್ಲ ಬಂದು ನಿಂತಿದ್ದರು. ಸೂರ ಎರಡೂ ಕೈ ಮುಂದೆ ಚಾಚಿದ.

“ಅಯ್ಯಾ, ಸರಕಾರದ್ ಅಕ್ಕಿಯೂ ಕುಷ್ಟಂದೇ ಆಯ್ತಲೆ. ನಾವ್ ಮುಡಿ ಕಟ್ಟದ್ ಸಾಕ್. ಇನ್ ನೀವ್ ನಮ್ಮನ್ನ್ ಕಟ್ಟಿ.”

ಪೊಲೀಸರು ಮುಖ ಮುಖ ನೋಡಿಕೊಂಡರು. ಅವರ ಹತ್ತಿರ ಅಷ್ಟು ಹಗ್ಗ ಇರಲಿಲ್ಲ.