ಗೂಡಲ್ಲಿ ಕೂತಿದ್ದ ಕೊಕ್ಕರೆ

"ಎತ್ತಿ ಹಿಡಿಯೇ! ಹೆಣ ಹೊರೋಳ ಥರ ಯಾಕೆ ಮೋರೆ ಮಾಡ್ತೀಯ? ಹಲ್ಲು ಬಿಡು, ಪಟ ಚೆನ್ನಾಗಿ ಬರ್ಲಿ."

ಧಣಿ ಹೇಳಿದಂತೆ ಗಿಡುಗಿ ಸತ್ತ ಕೊಕ್ಕರೆಯ ಕಾಲು ಹಿಡಿದು ಮೇಲೆತ್ತಿದಳು. ಗುರಿ ತಪ್ಪದವಳೆಂದು ಜನ ಅವಳಿಗಿಟ್ಟ ಹೆಸರು ಅದು. ಜೋತುಬಿದ್ದ ರೆಕ್ಕೆಗಳು ಅವಳ ಮೊಣಕಾಲಿಗೆ ಬಡಿದವು. ಕೊಕ್ಕಿನಿಂದ ನೆತ್ತರು ಪಾದದ ಮೇಲೆ ತೊಟ್ಟಿಕ್ಕಿತು. ಹಕ್ಕಿ ಹೊಡೆದವನು ಧಣಿಯ ಕಾಡಿನ ಶಿಬಿರಕ್ಕೆ ಬಂದಿದ್ದ ಬಿಳಿ ಟೋಪಿಯ ಅತಿಥಿ. ಕವಣೆಯನ್ನು ಕುತ್ತಿಗೆಗೆ ನೇತುಹಾಕಿಕೊಂಡು ಫೋನು ಹಿಡಿದಿದ್ದ.

"ಬೇಡ ಅಂತ ಬಡ್ಕೊಂಡೆ ಧಣಿ. ಗೂಡಲ್ಲಿ ಕೂತಿತ್ತು. ಮರಿ ಅವೆ."

"ಬಾಯಿ ಮುಚ್ಚೇ ಮುಂಡೆ. ಎಂಜಲು ತಟ್ಟೆ ತೊಳೆಯೋಳು ಅತಿಥಿಗಳಿಗೆ ಬುದ್ಧಿ ಹೇಳ್ತಾಳೆ!"

ಅವಳ ತಮ್ಮ ಪಕ್ಕದಲ್ಲೇ ಇದ್ದ. ಧಣಿ ಕೊಡಿಸಿದ ಬೂಟಿನ ಲೇಸು ಕಟ್ಟುವ ನೆಪದಲ್ಲಿ ಬಗ್ಗಿದವನು ಪಟ ತೆಗೆದು ಮುಗಿಯುವ ತನಕ ತಲೆ ಎತ್ತಲಿಲ್ಲ.

ಆ ಕಾಡಿಗೆ ಧಣಿಯ ಬೇಲಿ ಬೀಳುವ ಮೊದಲು ಅಕ್ಕ ತಮ್ಮ ಅಲ್ಲೇ ಹೊಳೆಯಂಚಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದರು. ಅವ್ವ ಸತ್ತಾಗ ಅವನಿಗೆ ಇನ್ನೂ ಹಾಲುಹಲ್ಲು. ಕವಲೊಡೆದ ಕೊಂಬೆ, ಸೈಕಲ್ ಟ್ಯೂಬಿನ ಪಟ್ಟಿ, ಹಳೇ ಚಪ್ಪಲಿಯ ತೊಗಲು, ಇಷ್ಟರಿಂದ ಕಟ್ಟಿದ ಕವಣೆಯಿಂದಲೇ ಅವಳು ಅವನನ್ನು ಸಾಕಿದ್ದಳು. ಮೊಲ ಸಿಕ್ಕರೆ ತೊಡೆ ಅವನಿಗೆ, ತಲೆ ಅವಳಿಗೆ. ಒಂದೇ ಒಂದು ಗುಬ್ಬಿ ಸಿಕ್ಕಿದ ದಿನ "ನಂಗೆ ಹೊಟ್ಟೆ ನೋವು ಕಣೋ, ನೀನೇ ತಿನ್ನು" ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಬೆಳೆದ ಮೇಲೆ ಅವನಿಗೂ ಕಲಿಸಿದಳು. ಹೊಳೆಯ ದುಂಡು ಕಲ್ಲನ್ನೇ ಆರಿಸು, ಕೆನ್ನೆಯ ತನಕ ಎಳೆ, ಉಸಿರು ಬಿಟ್ಟ ಮೇಲೆ ಕಲ್ಲು ಬಿಡು. ಗೂಡಲ್ಲಿ ಕೂತಿದ್ದಕ್ಕೆ ಮಾತ್ರ ಹೊಡೀಬೇಡ, ನಾವು ಸತ್ತರೂ ಸರಿ.

ಬೇಲಿ ಬಿದ್ದ ಮೇಲೆ ಧಣಿ ಅಲ್ಲಿ ಶಿಬಿರ ತೆರೆದ. ಕಾಡಲ್ಲಿ ಬದುಕಿ ಉಳಿಯುವುದು ಹೇಗೆಂದು ಪೇಟೆಯವರಿಗೆ ಅಲ್ಲಿ ಪಾಠ. ತಮ್ಮ ಬೂಟು ತೊಟ್ಟು ಪಾಠ ಹೇಳುತ್ತಿದ್ದ. ಅಕ್ಕ ಹಿತ್ತಲಲ್ಲಿ ಕೂತು ಕವಣೆ ಕಟ್ಟಿಕೊಡುತ್ತಿದ್ದಳು. ಖಾಲಿ ಡಬ್ಬಗಳಿಗೆ ಹೊಡೆದು ಬೇಸರವಾದವರಿಗೆ ಧಣಿ ಜೀವವಿರುವ ಗುರಿ ತೋರಿಸುತ್ತಿದ್ದ.

ಟೋಪಿಯವನು ತೆಗೆದ ಪಟ ಫೋನಿಂದ ಫೋನಿಗೆ ಹಾರಿ ಅರಣ್ಯ ಇಲಾಖೆಗೂ ಮುಟ್ಟಿತು. ಪಟದಲ್ಲಿ ಟೋಪಿ ಇರಲಿಲ್ಲ. ಕೊಕ್ಕರೆ ಇತ್ತು, ಹಲ್ಲು ಬಿಟ್ಟ ಗಿಡುಗಿ ಇದ್ದಳು.

ಇಲಾಖೆಯ ಕಚೇರಿಯಲ್ಲಿ ಧಣಿಗೆ ಕುರ್ಚಿ ಹಾಕಿದರು. ಗಿಡುಗಿ ಗೋಡೆಗೊರಗಿದ್ದಕ್ಕೆ ಅಧಿಕಾರಿ ಗದರಿದ. "ಏಯ್, ಸುಣ್ಣ ಕೊಳೆಯಾಗತ್ತೆ. ಕೆಳಗೆ ಕೂರು. ಯಾವಾಗಿಂದ ಕದ್ದು ಬೇಟೆ ಆಡ್ತಿದ್ದೀಯ?"

"ನಾನಲ್ಲ ಸ್ವಾಮಿ, ಟೋಪಿಯೋರು ಹೊಡೆದಿದ್ದು. ನನ್ನ ತಮ್ಮ ಅಲ್ಲೇ ಇದ್ದ, ಕೇಳಿ." ಹೇಳುವಾಗ ಅವಳ ದನಿ ನಡುಗಲಿಲ್ಲ. ತಮ್ಮ ಬಾಗಿಲಲ್ಲೇ ನಿಂತಿದ್ದನಲ್ಲ.

"ಕೇಳಿ ಸಾರ್," ಧಣಿ ನಕ್ಕ. "ಹುಡುಗ ಸುಳ್ಳು ಹೇಳೋನಲ್ಲ."

ತಮ್ಮ ಕಿಟಕಿಯ ಸರಳು ನೋಡುತ್ತ ಹೇಳಿದ. "ಅಕ್ಕನೇ ಹೊಡೆದ್ಲು ಸಾರ್. ಬೇಡ ಅಂತ ಬಡ್ಕೊಂಡೆ. ಗೂಡಲ್ಲಿ ಮರಿ ಅವೆ ಅಂದೆ. ಕೇಳ್ಲಿಲ್ಲ."

ಅವಳ ಮಾತನ್ನೇ ಕದ್ದು ಅವಳ ಮೇಲೆ ಎಸೆದಿದ್ದ.

"ನನ್ನ ಮುಖ ನೋಡಿ ಹೇಳೋ."

ಅವನು ನೋಡಲಿಲ್ಲ. ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು ಪಿಸುಗುಟ್ಟಿದ. "ಸ್ವಲ್ಪ ದಿನ ಅಷ್ಟೇ ಅಕ್ಕಾ. ಧಣಿ ಬಿಡಿಸ್ತಾರಂತೆ. ಶಿಬಿರ ನನ್ನ ಕೈಗೇ ಕೊಡ್ತಾರಂತೆ. ಗಟ್ಟಿ ಮನೇಲಿ ಇರ್ಬೋದು ಇಬ್ರೂ."

"ಥೂ," ಎಂದಳು. ಉಗಿಯೋಣವೆಂದರೆ ಬಾಯಲ್ಲಿ ಪಸೆ ಇರಲಿಲ್ಲ.

ಅಧಿಕಾರಿಗೆ ಮೋಜೆನಿಸಿತು. ಸಾಕ್ಷಿಗೆಂದು ಶಿಬಿರದಿಂದ ತಂದು ಮೇಜಿನ ಮೇಲಿಟ್ಟಿದ್ದ ಕವಣೆ ಎತ್ತಿಕೊಂಡು ಎಲ್ಲರನ್ನೂ ಅಂಗಳಕ್ಕೆ ಕರೆದ. ಬೇಲಿಗೂಟದ ಮೇಲೆ ಒಂದು ಡಬ್ಬ ಇಡಿಸಿದ.

"ಹೊಡಿ. ಬಿದ್ರೆ ನೀನೇ ಬೇಟೆಗಾರ್ತಿ, ಒಪ್ಕೋಬೇಕು."

"ಬೇಕಂತ್ಲೇ ತಪ್ಪಿಸ್ತಾಳೆ ಸಾರ್," ಧಣಿ ಎಂದ.

"ತಪ್ಪಿದ್ರೆ ತಮ್ಮ ಸುಳ್ಳು ಹೇಳ್ದ ಅಂತಾಯ್ತು. ಅವನನ್ನ ಒಳಗೆ ಹಾಕ್ತೀನಿ. ಯಾರಾದ್ರೇನು, ನಂಗೊಬ್ರು ಬೇಕು."

ಕಾವಲುಗಾರರು ಕಿಸಕ್ಕೆಂದರು. ಗಿಡುಗಿ ನೆಲದಿಂದ ಒಂದು ಕಲ್ಲು ಆರಿಸಿದಳು. ಮೂಲೆ ಮೊನೆಯಿದ್ದ ಕಲ್ಲು. ಅಲ್ಲಿ ದುಂಡನೆಯದು ಸಿಗಲಿಲ್ಲ. ಕೆನ್ನೆಯ ತನಕ ಎಳೆದಳು. ಡಬ್ಬದ ಕಡೆಗಿದ್ದ ಕೈ ನಿಧಾನವಾಗಿ ತಿರುಗಿತು. ಧಣಿಯ ಕಾರಿನ ಪಕ್ಕ ನಿಂತಿದ್ದ ತಮ್ಮನ ಎದೆಗೆ ನೇರವಾಗಿ ಬಂದು ನಿಂತಿತು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಅಕ್ಕಾ..."

ಅವಳು ಉಸಿರು ಬಿಟ್ಟಳು. ಕೈ ಒಂದು ಗೇಣು ಪಕ್ಕಕ್ಕೆ ಸರಿಯಿತು. ಕಾರಿನ ಬಾಗಿಲ ಗಾಜು ಸಿಡಿದು ಒಳಗೆ ಸುರಿಯಿತು.

"ಬರ್ಕೊಳ್ಳಿ ಸ್ವಾಮಿ. ಇದನ್ನ ಹೊಡೆದೋಳು ನಾನೇ."

ಕಾವಲುಗಾರನ ಏಟಿಗೆ ಅವಳ ತುಟಿ ಒಡೆಯಿತು. ಜುಟ್ಟು ಹಿಡಿದು ಜೀಪಿನ ಕಡೆ ಎಳೆದರು. ಹಿಂದಿನಿಂದ ಧಣಿಯ ಅರಚಾಟ ಕೇಳುತ್ತಿತ್ತು. "ಏನ್ ನೋಡ್ತಿದ್ದೀಯೋ ಬೇವರ್ಸಿ? ಸೀಟಿಂದ ಗಾಜು ತೆಗಿ!"

ತಮ್ಮ ಕಾರಿನೊಳಗೆ ಮಂಡಿಯೂರಿ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದ. ಬೆರಳುಗಳು ಆಗಲೇ ಕೆಂಪಾಗಿದ್ದವು.

ಬರಿಗೈಲಿ ಮುಟ್ಬೇಡ್ವೋ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಒಡೆದ ತುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಅವಳು ಜೀಪು ಹತ್ತಿದಳು.