ಅವಲಂಬಿತರ ಪಟ್ಟಿಯಲ್ಲಿ ಚಂದಮ್ಮ

ಮೊಮ್ಮಗಳು ಪ್ರೀತಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಚಂದಮ್ಮ ಕಮಲಾಪುರದಲ್ಲಿ ಬಸ್ಸಿಳಿದು, ಸೊಸೆಯ ತವರುಮನೆಯ ಬಾಗಿಲಿಗೆ ಬಂದಳು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಶೀಲಾ ಗಾಬರಿಯಾಗಿ ಎದ್ದು ಬಂದು ಅತ್ತೆಯ ತೋಳು ಹಿಡಿದಳು.

“ಅತ್ತಿ, ಒಬ್ಬರೇ ಬಂದೀರೇನ್ರೀ? ಇಂಥಾದ್ರಾಗ ಬಸ್ಸಿನ್ಯಾಗ ಅಡ್ಡಾಡಬಾರದು.”

“ನನಗೇನ್ ಧಾಡಿ ಆಗ್ಯಾದ?” ಚಂದಮ್ಮ ನಕ್ಕಳು.

ಶೀಲಾ ನಗಲಿಲ್ಲ. ಅವಳೂ ಚಂದಮ್ಮನ ಮಗ ಅರುಣಕುಮಾರನೂ ಬೇರೆಯಾಗಿ ಎರಡು ವರ್ಷವಾಗಿತ್ತು. ಮಗಳ ಜೀವನಾಂಶಕ್ಕೆ ಕಲಬುರಗಿಯ ಕೋರ್ಟಿನಲ್ಲಿ ಅರ್ಜಿ ಹಾಕಿದ್ದಳು. ಅರುಣ ತನ್ನ ಆದಾಯ, ಖರ್ಚು ಬರೆದುಕೊಟ್ಟ ಅಫಿಡವಿಟ್ಟಿನ ಪ್ರತಿ ಹಿಂದಿನ ವಾರ ಅವಳ ಕೈಸೇರಿತ್ತು.

“ನಿಮ್ಮ ಕಿಡ್ನಿ ಕೆಟ್ಟಾವಂತ ಬರದಾರ. ತಿಂಗಳಾ ಎಂಟು ಸಾವಿರ ಔಷಧಕ್ಕ ಬೇಕಂತ. ನಾ ನಮ್ಮ ವಕೀಲರಿಗೆ ಹೇಳೀನ್ರಿ, ಮೂರು ಸಾವಿರ ಕೊಟ್ರ ಸಾಕು, ಮೊದಲು ಅತ್ತಿ ಜೀವಾ ಉಳೀಲಿ ಅಂತ.”

ಚಂದಮ್ಮ ಮೊಮ್ಮಗಳನ್ನು ಕರೆದು ಹೋಳಿಗೆಯ ಗಂಟು ಬಿಚ್ಚಿದಳು. ಪ್ರೀತಿ ಮಡಿಲಲ್ಲಿ ಕೂತು ಎರಡು ಹೋಳಿಗೆ ತಿಂದಳು. ಶಾಲೆಯ ವ್ಯಾನ್ ಬಿಡಿಸಿದ್ದಾರೆ, ಈಗ ನಡೆದೇ ಹೋಗುತ್ತೇನೆ ಎಂದಳು. ಅಜ್ಜಿಗೆ ಅಲ್ಲಿ ಕೂರಲಾಗಲಿಲ್ಲ. ಚಹಾ ಆರುವ ಮೊದಲೇ ಎದ್ದಳು.

ಮಗನ ಜೊತೆಗಿರುವ ಕೋಟನೂರಿನ ಮನೆಗೆ ಬಂದರೂ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ತಿರುಗುವುದೇ ಆಯಿತು. ಅರುಣ ನಂದೂರಿನ ದಾಲ್ ಮಿಲ್ಲಿನಲ್ಲಿ ಸೂಪರ್‌ವೈಸರ್. ಸಂಜೆ ಅವನು ಬೂಟು ಬಿಚ್ಚುವ ಮೊದಲೇ ಕೇಳಿದಳು.

“ನಾ ಯಾವ ದವಾಖಾನಿಗಿ ಹೋಗ್ತೀನೋ?”

ಅವನಿಗೆ ತಿಳಿಯಿತು. ತಲೆ ತಗ್ಗಿಸಿದ.

“ಯವ್ವಾ, ಅದು ಲೆಕ್ಕದ ಮಾತು. ಇಷ್ಟು ಪಗಾರಕ್ಕ ಇಷ್ಟೇ ಕೊಡಬೇಕಂತ ಕಾಯ್ದೆದಾಗ ಇಲ್ಲ. ಕೈಗಿ ಬರೋ ಪಗಾರ ನೋಡ್ತಾರ, ಕೂಸಿನ ಖರ್ಚು ನೋಡ್ತಾರ, ಶೀಲಾನ ದುಡಿಮಿ ನೋಡ್ತಾರ. ನನ್ನ ಮ್ಯಾಲ ಯಾರ್ಯಾರು ಅವಲಂಬಿಸ್ಯಾರ ಅದೂ ನೋಡ್ತಾರ. ಗಾಡಿ ಸಾಲದ ಕಂತು ಲೆಕ್ಕಕ್ಕ ಹಿಡಿಯಂಗಿಲ್ಲ ಅಂದ್ರು ವಕೀಲರು. ತೋರಸಾಕ ಉಳದಾಕಿ ನೀ ಒಬ್ಬಾಕಿ.”

“ಅದಕ್ಕ ನನ್ನ ಹಾಸಿಗಿ ಹಿಡಿಸಿದಿ.”

“ರೊಕ್ಕಾ ಕೊಡಾಂವ ನಾ. ಕೂಸು ಮಾತ್ರ ಫೋನಿನ್ಯಾಗ ಎರಡ ಮಾತಾಡಿ ಇಡ್ತಾಳ,” ಎಂದ ಅರುಣ.

“ಇರಬಹುದು. ಕಾಗದಾ ಬದಲ್ ಮಾಡಸು.”

“ಆಗಂಗಿಲ್ಲ.”

ಮುಂದಿನ ಹತ್ತು ದಿನ ಚಂದಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ದಿನಾ ಎರಡು ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುವವಳು ಹಂಚಿನ ಮೇಲೆ ರೊಟ್ಟಿ ಸೀಯಿಸತೊಡಗಿದಳು. ಮಗನ ಮಾನ ಕಳೆದರೆ ನಾಳೆ ತನಗೆ ಯಾರು ದಿಕ್ಕು? ಸುಮ್ಮನಿದ್ದರೆ, ಗಟ್ಟಿಮುಟ್ಟಾಗಿದ್ದೂ ಮೊಮ್ಮಗಳ ಅನ್ನಕ್ಕೆ ಕೈಹಾಕಿದಂತೆ. ಎರಡೂ ಮಗ್ಗುಲಲ್ಲಿ ಮುಳ್ಳು.

ಕೇಸಿನ ಮುಂದಿನ ತಾರೀಖಿನಂದು ಯಾರಿಗೂ ಹೇಳದೆ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಅರುಣನ ವಕೀಲ ವಿವೇಕಾನಂದರು ತಾಯಿಯ ಕಾಯಿಲೆಯ ಮಾತೆತ್ತಿದ್ದೇ ಎದ್ದು ನಿಂತಳು.

“ಸಾಹೇಬ್ರ, ಆ ತಾಯಿ ನಾನೇರೀ.”

ನ್ಯಾಯಾಧೀಶರು ಮುಂದೆ ಕರೆದರು. ಚಂದಮ್ಮ ಕಟಕಟೆಯ ಹತ್ತಿರ ಹೋಗಿ ನಿಂತಳು.

“ದಿನಾ ನೂರೈವತ್ತು ರೊಟ್ಟಿ ಬಡೀತೀನ್ರಿ. ಬಿ.ಪಿ. ಗುಳಗಿ ಒಂದ ನುಂಗೂದು, ಅದೂ ಸರಕಾರಿ ದವಾಖಾನ್ಯಾಗ ಪುಕ್ಕಟೆ. ಮಗ ಕೆಟ್ಟಾಂವ ಅಲ್ಲರಿ. ಆದರ ನಾ ಕುಂತು ಉಣ್ಣಾಕಿ ಅಲ್ಲ.”

ವಿವೇಕಾನಂದರು ಫೈಲಿನ ಹಾಳೆ ತಿರುವುತ್ತ ನಿಂತರು. ಅರುಣ ತಾಯಿಯ ಕಡೆ ನೋಡಲಿಲ್ಲ. ನ್ಯಾಯಾಧೀಶರು ಅವನಿಗೆ ಎಚ್ಚರಿಕೆ ಕೊಟ್ಟು, ಹೊಸ ಅಫಿಡವಿಟ್ ತರಲು ಹೇಳಿದರು. ಮುಂದಿನ ತಿಂಗಳು ಆದೇಶವಾಯಿತು. ಅವನ ಕೈಗೆ ಬರುವ ಇಪ್ಪತ್ನಾಲ್ಕು ಸಾವಿರ, ಶೀಲಾಳ ಹೊಲಿಗೆಯ ಗಳಿಕೆ, ಮಗುವಿನ ಊಟ, ಬಟ್ಟೆ, ಶಾಲೆ ಎಲ್ಲ ನೋಡಿ ಪ್ರೀತಿಗೆ ತಿಂಗಳಿಗೆ ಏಳು ಸಾವಿರ, ಪ್ರತಿ ಐದನೇ ತಾರೀಖಿನೊಳಗೆ.

ಅದೇ ವಾರ ಅರುಣ ಬಟ್ಟೆ ಕಟ್ಟಿಕೊಂಡು ನಂದೂರಿನಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದ. “ನಾಲ್ಕ ಮಂದಿ ಮುಂದ ನನ್ನ ಸುಳ್ಳಗಾರ ಮಾಡಿದಿ,” ಎಂದಷ್ಟೇ ಹೇಳಿ ಹೋದ.

ಐದನೇ ತಾರೀಖು ಶೀಲಾ ಫೋನು ಮಾಡಿದಳು. “ರೊಕ್ಕಾ ಬಂದಾವ್ರಿ ಅತ್ತಿ. ಅವರು ಪ್ರೀತಿ ಜೋಡಿ ಅರ್ಧಾ ತಾಸು ಮಾತಾಡಿದ್ರು. ಐತವಾರ ಬರ್ತೀನಂದಾರ. ನೀವೂ ಬರ್ರಿ.”

“ನಾ ಬ್ಯಾಡವ್ವಾ. ನನ್ನ ಕಂಡರ ತಿರುಗಿ ಹೋದಾನು. ತಂದಿ ಮಗಳು ಕೂಡ್ಲಿ.”

ಹಾಗೆಂದಳು, ಆದರೆ ಭಾನುವಾರ ಬೆಳಿಗ್ಗೆ ಸೀರೆ ಬದಲಿಸಿ ಬಸ್ ನಿಲ್ದಾಣದವರೆಗೂ ಹೋದಳು. ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಬಂದು ನಿಂತಿತು, ಕಂಡಕ್ಟರ್ ಕರೆದ. ಚಂದಮ್ಮ ಹತ್ತಲಿಲ್ಲ.